ಚೌಕ ಚೌಕವಾದ ಮಹಿಷಾಸುರ

ಹೋದ ವರ್ಷ ಪೆರ್ಲದ ಹತ್ತಿರ, ನಮ್ಮ ಮನೆಯ ಎದುರಿನ ಗದ್ದೆಯಲ್ಲಿ ಒಂದು ಯಕ್ಷಗಾನ ಸೇವೆ ಆಟ ಇತ್ತು. ರಾತ್ರಿಯಿಡೀ ಟ್ರೈಪಾಡ್‌ನ ಹಿಂದೆ ನಿದ್ದೆಗೆಟ್ಟು ನಿಂತವ ನಾನು. ಎರಡು ದಿನ ಕಳೆದು ಅದರಲ್ಲಿ ಒಂದು ಗಂಟೆಯ ಭಾಗವನ್ನು ಯೂಟ್ಯೂಬಿಗೆ ಹಾಕಿದೆ. ಸಂಜೆಗೆ ಮಾವನ ಫೋನು ಬಂತು. "ಇದೆಂತ ಮಾರಾಯ, ಮಹಿಷಾಸುರ ಎಲ್ಲಿ? ಬರೀ ಚೌಕ ಚೌಕ ಕಾಣುವುದು!"

ತೆರೆದು ನೋಡಿದರೆ ಮಾವ ಹೇಳಿದ್ದು ಸರಿ. ಭಾಗವತರು ಪದ ಹೇಳುವಾಗ ಅವರ ಮುಂಡಾಸಿನ ಜರಿಯ ಎಳೆ ಸಹ ಕಾಣುತ್ತದೆ. ಮಹಿಷಾಸುರ ಸಭೆಯ ನಡುವಿನಿಂದ ದೊಂದಿಗಳ ಜೊತೆ ಬಂದು, ರಾಳದ ಪುಡಿ ಎರಚಿ ಬೆಂಕಿ ಎದ್ದ ಕೂಡಲೇ ಪರದೆ ತುಂಬ ಹೆಂಚು ಹಾಸಿದ ಹಾಗೆ ತುಂಡು ತುಂಡು. ಕ್ಯಾಮೆರಾ ಅದೇ, ರಾತ್ರಿ ಅದೇ, ಎಡಿಟಿಂಗ್ ತಂತ್ರಾಂಶದಿಂದ ಹೊರಗೆ ತೆಗೆದ ಫೈಲೂ ಒಂದೇ. ನನ್ನ ಕಂಪ್ಯೂಟರಿನಲ್ಲಿದ್ದ ಮೂಲ ಚಿತ್ರೀಕರಣದಲ್ಲಿ ಮಹಿಷಾಸುರ ಕೊಂಬು ಸಮೇತ ನೆಟ್ಟಗಿದ್ದ. ತಪ್ಪಾದದ್ದು ಎಕ್ಸ್‌ಪೋರ್ಟ್ ಕಿಟಕಿಯಲ್ಲಿ, ನನ್ನದೇ ಕೈಯಿಂದ. ಫೈಲು ಚಿಕ್ಕದಾಗಲಿ ಎಂದು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಮಾಹಿತಿ, ಎಂಬಲ್ಲಿ 4 ಎಂದು ಒತ್ತಿದ್ದೆ.

ಸೆಕೆಂಡಿಗೆ 4 ಮೆಗಾಬಿಟ್ ಎಂದರೆ ಎಷ್ಟು ಜಿಪುಣತನ ಎಂದು ಗೊತ್ತಾಗಬೇಕಾದರೆ ಒಂದು ಸಣ್ಣ ಗುಣಾಕಾರ ಸಾಕು. 1920×1080ರ ಒಂದು ಚಿತ್ರದಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 3 ಬೈಟ್, ಸೆಕೆಂಡಿಗೆ 25 ಚಿತ್ರ. ಏನೂ ಸಂಕುಚಿಸದೆ ಇಟ್ಟರೆ ಒಂದು ಗಂಟೆಯ ಆಟಕ್ಕೆ ಸುಮಾರು 560 ಜಿಬಿ ಬೇಕು. ನಾನು ಅದನ್ನು 1.8 ಜಿಬಿಗೆ ಹಿಂಡಿದ್ದೆ, ಮುನ್ನೂರರಲ್ಲಿ ಒಂದು ಪಾಲು.

ಆದರೂ ಭಾಗವತರು ಚಂದ ಕಂಡದ್ದು ಹೇಗೆ? ಹಳೇ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಮೇಲಿನ ಸಾಲಿನದ್ದೇ ಕೆಳಗೂ ಬಂದರೆ ಎರಡು ಗೀಟು ಎಳೆದು ಬಿಡುತ್ತಾರಲ್ಲ, ವೀಡಿಯೊವನ್ನು ಹಿಂಡುವ ಕ್ರಮವಾದ ಕೋಡೆಕ್ ಮಾಡುವುದೂ ಅದನ್ನೇ. 2003ರಲ್ಲಿ ಬಂದು ಈಗಲೂ ಎಲ್ಲೆಲ್ಲೂ ಓಡುವ ಎಚ್.264 ಎಂಬ ಕೋಡೆಕ್ ಚಿತ್ರವನ್ನು 16×16 ಪಿಕ್ಸೆಲಿನ ತುಂಡುಗಳಾಗಿ ನೋಡುತ್ತದೆ. ಹಿಂದಿನ ಚಿತ್ರದಲ್ಲಿದ್ದ ತುಂಡು ಹಾಗೆಯೇ ಇದ್ದರೆ ಎರಡು ಗೀಟು. ಸ್ವಲ್ಪ ಸರಿದಿದ್ದರೆ "ಎಡಕ್ಕೆ ಆರು ಪಿಕ್ಸೆಲ್" ಎಂಬ ಸೂಚನೆ. ಕುಳಿತ ಭಾಗವತರು, ಅಲುಗದ ಹಿಂಪರದೆ: ಬರೆಯುವುದಕ್ಕೆ ಹೊಸತೇನೂ ಇಲ್ಲ. ರಾಳದ ಬೆಂಕಿಗೆ, ಹೊಗೆಗೆ, ಪುಂಡುವೇಷ ಹಾರಿ ಸುತ್ತುವ ದಿಗಿಣಕ್ಕೆ ಹಿಂದಿನ ಚಿತ್ರದಲ್ಲಿ ಜೋಡಿಯೇ ಸಿಗುವುದಿಲ್ಲ. ಪ್ರತಿ ಸಾಲನ್ನೂ ಪೂರ್ತಿ ಬರೆಯಬೇಕು, ಕಾಗದವೋ ಅಷ್ಟೇ.

ಕಾಗದ ಸಾಲದಾಗ ಏನನ್ನು ಬಿಡಬೇಕು ಎಂಬ ಲೆಕ್ಕದ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರಿದ್ದಾರೆ. ನಾಸಿರ್ ಅಹ್ಮದ್, ಹುಟ್ಟಿದ್ದು 1940ರಲ್ಲಿ, ಎಂಜಿನಿಯರಿಂಗ್ ಓದಿದ್ದು ಅಲ್ಲಿನ ಈಗಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ. 1972ರಲ್ಲಿ ಅಮೆರಿಕದಲ್ಲಿ ಈ ವಿಚಾರಕ್ಕೆ ಅವರು ಸಂಶೋಧನಾ ಹಣ ಕೇಳಿದರು, ಸಿಗಲಿಲ್ಲ. 1974ರಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಪ್ರಬಂಧ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ಗಣಿತ, ಅಥವಾ ಅದರ ಹತ್ತಿರದ ಸಂಬಂಧಿ, ನಮ್ಮ ಫೋನಿನ ಜೆಪೆಗ್ ಫೋಟೊದಲ್ಲೂ ಇದೆ, ಎಚ್.264ರಲ್ಲೂ ಇದೆ. ಅದು ಪ್ರತಿ ತುಂಡನ್ನು ಬೆಳಕು-ಕತ್ತಲೆಯ ಅಲೆಗಳಾಗಿ ಬಿಡಿಸುತ್ತದೆ. ಅಗಲವಾದ ಅಲೆ ಒಟ್ಟು ಆಕಾರಕ್ಕೆ, ಸಣ್ಣ ಅಲೆ ನವುರು ವಿವರಕ್ಕೆ. ಬಿಟ್ ಕಡಿಮೆಯಾದರೆ ಮೊದಲು ಹೋಗುವುದು ಸಣ್ಣ ಅಲೆ, ಅಂದರೆ ಕಿಡಿಗಳು, ಕಿರೀಟದ ಮಿಂಚು. ಇನ್ನೂ ಕಡಿಮೆಯಾದರೆ ತುಂಡಿಗೆ ಉಳಿಯುವುದು ಒಂದೇ ಸರಾಸರಿ ಬಣ್ಣ. ಮಾವ ಕಂಡ ಚೌಕ ಅದೇ.

ಕೆಂಪಿನ ಕಥೆ ಬೇರೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ. ಹಾಗಾಗಿ 4:2:0 ಎಂಬ ಕ್ರಮದಲ್ಲಿ ನಾಲ್ಕು ಪಿಕ್ಸೆಲಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಇಡುತ್ತಾರೆ. ಎಚ್‌ಡಿ ವೀಡಿಯೊದ ಲೆಕ್ಕದಲ್ಲಿ ಬೆಳಕಿಗೆ ಹಸಿರಿನ ಪಾಲು ಶೇಕಡಾ 72, ಕೆಂಪಿನದ್ದು 21 ಮಾತ್ರ, ಹಾಗಾಗಿ ಕೆಂಪಿನ ವಿವರ ಹೆಚ್ಚಾಗಿ ಆ ಬಣ್ಣದ ಮಾಹಿತಿಯಲ್ಲೇ ಇರುವುದು. ಹಸಿರು ಕಂಗಿನ ತೋಟಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ವೇಷಗಳಲ್ಲಿ ಕೆಂಪು ಧಾರಾಳ, ಅದರ ಮೇಲಿನ ಕುಸುರಿ ಕಲಸಿ ಹೋಗುತ್ತದೆ, ಬಿಟ್‌ರೇಟ್ ಎಷ್ಟು ಏರಿಸಿದರೂ. ಇದಕ್ಕಿರುವ ಮದ್ದು 4ಕೆಯಲ್ಲಿ, ಅಂದರೆ 3840×2160ರಲ್ಲಿ, ಚಿತ್ರೀಕರಿಸಿ 4ಕೆಯಲ್ಲೇ ಹಾಕುವುದು. ಆಗ ಬಣ್ಣದ ಪದರವೇ 1920×1080 ಇರುತ್ತದೆ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ನಾವು ಹಾಕಿದ ಫೈಲನ್ನು ನೋಡುಗರು ನೋಡುವುದೇ ಇಲ್ಲ. ಯೂಟ್ಯೂಬ್ ಅದನ್ನು ಮತ್ತೆ ಸಂಕುಚಿಸಿ 144 ಪಿಕ್ಸೆಲ್ ಎತ್ತರದಿಂದ ಮೇಲಕ್ಕೆ ಹಲವು ಪ್ರತಿ ಮಾಡಿಕೊಳ್ಳುತ್ತದೆ. ಮೊದಲೇ ನೀರು ಬೆರೆಸಿದ ಮಜ್ಜಿಗೆ ಕೊಟ್ಟರೆ ಅಲ್ಲಿ ಮತ್ತಷ್ಟು ನೀರು ಸೇರುತ್ತದೆ. 1080ರ ವೀಡಿಯೊ ಸೆಕೆಂಡಿಗೆ 25 ಅಥವಾ 30 ಚಿತ್ರದ್ದಾದರೆ 8 ಮೆಗಾಬಿಟ್, 50 ಅಥವಾ 60ರದ್ದಾದರೆ 12 ಎಂದು ಅವರ ಶಿಫಾರಸು. ತಾಳಮದ್ದಳೆಗೆ 8 ಬೇಕಾದಷ್ಟಾಯಿತು. ಅರ್ಥಧಾರಿಗಳು ಕೂತಲ್ಲಿಂದ ಏಳುವುದಿಲ್ಲ, ಕುಣಿಯುವುದು ಮಾತು ಮಾತ್ರ. ಬಯಲಾಟಕ್ಕೆ ನಾನು ಈಗ 20 ಇಡುತ್ತೇನೆ. ಎಲ್ಲದಕ್ಕೂ ಒಂದೇ ಪ್ರಿಸೆಟ್, ಅಂದರೆ ಸಿದ್ಧ ಆಯ್ಕೆ, ಒತ್ತುವವರನ್ನು ಕಂಡರೆ ನನಗೆ ಈಗ ಸಣ್ಣ ನಗು ಬರುತ್ತದೆ, ನಿನ್ನೆ ಮೊನ್ನೆವರೆಗೆ ನಾನೂ ಅವರಲ್ಲೊಬ್ಬ. ವೇರಿಯಬಲ್ ಬಿಟ್‌ರೇಟ್, ಎರಡು ಪಾಸ್ ಎಂಬ ಆಯ್ಕೆ ಇದ್ದರೆ ಅದೂ ಒಳ್ಳೆಯದು. ತಂತ್ರಾಂಶ ಮೊದಲು ಇಡೀ ಆಟ ನೋಡಿಕೊಂಡು, ಭಾಗವತರ ಪಾಲಿನಿಂದ ಉಳಿಸಿದ್ದನ್ನು ಮಹಿಷಾಸುರನಿಗೆ ಕೊಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೇ.

20 ಮೆಗಾಬಿಟ್ ಆದರೆ ಗಂಟೆಗೆ 9 ಜಿಬಿ. ಅಪ್‌ಲೋಡ್ ವೇಗ 10 ಮೆಗಾಬಿಟ್ ಇರುವ ಮನೆಯಲ್ಲಿ ಅದಕ್ಕೆ ಎರಡು ಗಂಟೆ ಬೇಕು. ಮಳೆಗಾಲದಲ್ಲಿ ಸೋಗೆ ಬಿದ್ದು ಕೇಬಲ್ ತುಂಡಾಗುವ ನಮ್ಮಂಥ ಊರಲ್ಲಿ ಎರಡು ಗಂಟೆ ಸಣ್ಣ ಮಾತಲ್ಲ, ಆದ್ದರಿಂದ ರಾತ್ರಿ ಹಚ್ಚಿಟ್ಟು ಮಲಗುವುದು.

ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಫ್ರೇಮ್ ರೇಟಿನಲ್ಲಿ ಮಾತ್ರ ಬುದ್ಧಿವಂತಿಕೆ ತೋರಿಸಬಾರದು. ಹೇಗೆ ಹಿಡಿದಿರೋ ಹಾಗೆಯೇ ಬಿಡಿ. 30ರಲ್ಲಿ ಹಿಡಿದದ್ದನ್ನು 25ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಆರರಲ್ಲಿ ಒಂದು ಚಿತ್ರ ಬಿದ್ದುಹೋಗಿ ದಿಗಿಣ ಕುಂಟುತ್ತದೆ. ಫೋನುಗಳದ್ದು ಮತ್ತೊಂದು ರಗಳೆ, ಬೆಳಕು ಕಡಿಮೆಯಾದರೆ ತಮ್ಮಷ್ಟಕ್ಕೆ ವೇಗ ಬದಲಿಸುತ್ತವೆ. ಅಂಥ ತುಣುಕನ್ನು ಸ್ಥಿರ ವೇಗಕ್ಕೆ ಬದಲಿಸದೆ ಎಡಿಟಿಂಗಿಗೆ ತಂದರೆ ಹೋಗುತ್ತಾ ಹೋಗುತ್ತಾ ಚೆಂಡೆಯ ಪೆಟ್ಟು ಒಂದು ಕಡೆ, ಕೋಲು ಬೀಳುವುದು ಇನ್ನೊಂದು ಕಡೆ. ಧ್ವನಿಗೆ ಎಎಸಿ ಎಂಬ ಕೋಡೆಕ್, 48 ಕಿಲೋಹರ್ಟ್ಸ್, 384 ಕಿಲೋಬಿಟ್ ಇಟ್ಟುಬಿಡಿ. ಚಿತ್ರದ 20,000 ಕಿಲೋಬಿಟ್‌ನ ಎದುರು ಅದು ಲೆಕ್ಕಕ್ಕೇ ಇಲ್ಲ, ಅಲ್ಲಿ ಉಳಿಸಹೊರಟರೆ ಮೊದಲು ಸಾಯುವುದು ಚಕ್ರತಾಳದ ಕಿಣಿ.

ಹಳೆಯ ವೀಡಿಯೊ ತೆಗೆದು ಹೊಸದು ಹಾಕಿ, ಮುಂದಿನ ಆದಿತ್ಯವಾರ ಮಾವನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. "ಈಗ ಮುಖ ಕಾಣುತ್ತದೆ ಮಾರಾಯ" ಎಂದರು. ಬಗ್ಗಿ ನೋಡಿದೆ. ಡೇಟಾ ಮುಗಿಯದಿರಲಿ ಎಂದು ಮಾವ 360ರಲ್ಲಿ ಇಟ್ಟುಕೊಂಡಿದ್ದರು. ಅವರ ಅಂಗೈಯಗಲದ ಪರದೆಯಲ್ಲಿ ಮಹಿಷಾಸುರ ಹೆಬ್ಬೆರಳಿನಷ್ಟಿದ್ದ, ಕೊಂಬು ಎರಡೂ ಸರಿಯಾಗಿ ಕಾಣುತ್ತಿದ್ದವು.