ಮೂರನೇ ಮಾರುದನಿ ಕೇಳಿಸಿಕೊಳ್ಳಿ

ಹೋದ ವಾರ ಗಂಗಾವತಿಯಿಂದ ಒಬ್ಬ ಹುಡುಗ ಬಂದಿದ್ದ. ರಸಮಂಜರಿ ತಂಡದಲ್ಲಿ ಲೀಡ್ ಗಿಟಾರ್ ನುಡಿಸುತ್ತಾನೆ. ಬ್ಯಾಗಿನಿಂದ ಎರಡು ಡಿಲೇ ಪೆಡಲ್ ತೆಗೆದು ನನ್ನ ಟೇಬಲ್ ಮೇಲಿಟ್ಟ. ನುಡಿಸಿದ ಸ್ವರವನ್ನು ಸ್ವಲ್ಪ ತಡ ಮಾಡಿ ಮಾರುದನಿಯಾಗಿ ಮತ್ತೆ ಕೇಳಿಸುವ ಡಬ್ಬಿ ಅದು. ಒಂದು ಅವನದೇ, ಬಾಸ್ (Boss) ಕಂಪನಿಯ ಡಿಜಿಟಲ್ ಪೆಡಲ್ ಡಿಡಿ-3. ಇನ್ನೊಂದು ಗೆಳೆಯನದು, ಹಳೆ ಬಾಸ್ ಡಿಎಂ-2 ಮಾದರಿಯಲ್ಲಿ ಯಾರೋ ಮಾಡಿದ ಅನಲಾಗ್ ಪೆಡಲ್, ಮಾರಾಟಕ್ಕಿದೆ.

"ಅಣ್ಣಾ, ನಂದು 800 ಮಿಲಿಸೆಕೆಂಡ್ ಐತಿ, ಇದು ಬರೀ 300. ಮತ್ತ ಎಲ್ಲಾರೂ ಇದನ್ನ ಯಾಕ ಚಲೋ ಅಂತಾರ?" ಅಂತ ಕೇಳಿದ. ಪೆಡಲ್ ಹೆಚ್ಚೆಂದರೆ ಎಷ್ಟು ತಡ ಮಾಡಿ ಮಾರುದನಿ ಕೊಡುತ್ತದೆ ಅನ್ನೋ ಲೆಕ್ಕ ಅದು.

ಬಳ್ಳಾರಿಯಲ್ಲಿ ಕೂತು ಆಂಪ್ಲಿಫೈಯರ್, ಮಿಕ್ಸರ್, ಪೆಡಲ್ ರಿಪೇರಿ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಸೀಸನ್‌ನಲ್ಲಿ ಜಾತ್ರೆ, ಮದುವೆ ಕಾರ್ಯಕ್ರಮಗಳ ಸೌಂಡ್ ಕೂಡ ನಾನೇ ನೋಡಿಕೊಳ್ಳುತ್ತೇನೆ, ಹಾಗಾಗಿ ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿದ ಪೆಡಲ್ ಮೈದಾನದಲ್ಲಿ ಹೇಗೆ ಕೆಡುತ್ತದೆ ಅನ್ನೋದೂ ಗೊತ್ತು. ಅವನಿಗೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಎರಡನ್ನೂ ಒಂದೊಂದಾಗಿ ಜೋಡಿಸಿದೆ. ಮಾರುದನಿ ಎಷ್ಟು ಸಲ ಮರುಕಳಿಸಬೇಕು ಅಂತ ಹೇಳುವ ಫೀಡ್‌ಬ್ಯಾಕ್ ನಾಬ್ ನಡುವಿಗೆ, ಎಷ್ಟು ತಡ ಅಂತ ಹೇಳುವ ಟೈಮ್ ನಾಬ್ 300ರ ಹತ್ತಿರ. ಒಂದೇ ಒಂದು ಸ್ವರ ಮೀಟಿ, ಕೂಡಲೇ ತಂತಿ ಅದುಮಿ ಹಿಡಿ ಅಂದೆ. ಮೊದಲನೇ ಮಾರುದನಿ ಬಿಡು, ಎರಡನೇದೂ ಬಿಡು, ಮೂರನೇದನ್ನು ಕೇಳು.

ಮೊದಲನೇ ಮಾರುದನಿ ಯಾವ ಪೆಡಲಿನಲ್ಲೂ ಚೆನ್ನಾಗಿಯೇ ಇರುತ್ತದೆ, ಅಗ್ಗದ್ದರಲ್ಲಿ ಸಹ. ಮೂರನೇದಕ್ಕೆ ಬರುವ ಹೊತ್ತಿಗೆ ಪೆಡಲಿನ ನಿಜವಾದ ಗುಣ ಹೊರಬೀಳುತ್ತದೆ, ಯಾಕೆಂದರೆ ಮೂರನೇದು ಅಂದರೆ ಅದೇ ಸದ್ದು ಆ ಸರ್ಕ್ಯೂಟಿನೊಳಗೆ ಮೂರು ಸಲ ಹಾದು ಬಂದಿದೆ ಅಂತ ಅರ್ಥ. ಪ್ರತಿ ಸಲವೂ ಏನೋ ಸ್ವಲ್ಪ ಕಳೆದುಕೊಂಡಿರುತ್ತದೆ, ಏನೋ ಸ್ವಲ್ಪ ಅಂಟಿಸಿಕೊಂಡಿರುತ್ತದೆ. ಡಿಡಿ-3ಯಲ್ಲಿ ಮೂರನೇದು ಮೊದಲನೇದರ ಹಾಗೇ ಇತ್ತು, ಸದ್ದು ಮಾತ್ರ ಕಡಿಮೆ. ಇನ್ನೊಂದರಲ್ಲಿ ಮೂರನೇದು ಮಬ್ಬಾಗಿ, ಮೆತ್ತಗಾಗಿ, ಪಕ್ಕದ ಓಣಿಯಿಂದ ಬಂದ ಹಾಗೆ ಬಂತು. ಹುಡುಗನ ಮುಖ ನೋಡಿದರೆ ಅವನಿಗೆ ಗೊತ್ತಾಗಿದೆ ಅಂತ ಗೊತ್ತಾಯಿತು.

ನಮ್ಮೂರವರಿಗೆ ಮಾರುದನಿ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ ಗುಡ್ಡ, ಕೊಪ್ಪಳದ ಕೋಟೆ, ಆನೆಗೊಂದಿಯ ಬಂಡೆಗಳು, ಎಲ್ಲಿ ನೋಡಿದರೂ ಕಲ್ಲು. ದೊಡ್ಡ ಬಂಡೆಯೊಂದರಿಂದ ಸುಮಾರು 85 ಮೀಟರ್ ದೂರ ನಿಂತು ಚಪ್ಪಾಳೆ ತಟ್ಟಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಹೋಗಿ ಬರಲು 170 ಮೀಟರ್, ಅಂದರೆ ಅರ್ಧ ಸೆಕೆಂಡ್. ಪೆಡಲಿನ ಲೆಕ್ಕದಲ್ಲಿ 500 ಮಿಲಿಸೆಕೆಂಡ್. ವಾಪಸ್ ಬರುವ ಚಪ್ಪಾಳೆಯಲ್ಲಿ ಮೊದಲಿನ ಚುರುಕು ಇರಲ್ಲ, ಅಲ್ವಾ? ತೀಕ್ಷ್ಣವಾದ ಸದ್ದನ್ನು ಗಾಳಿಯೂ, ಕಲ್ಲಿನ ಒರಟು ಮೈಯೂ ಬೇಗ ನುಂಗಿಬಿಡುತ್ತವೆ. ನಮ್ಮ ಕಿವಿ ಹುಟ್ಟಿದಾಗಿನಿಂದ ಇದನ್ನೇ ಕೇಳಿ ಪಳಗಿದೆ. ಮಬ್ಬಾದ ಸದ್ದು ದೂರದ್ದು, ಚುರುಕಾದ ಸದ್ದು ಹತ್ತಿರದ್ದು. ಹಾಗಾಗಿ ಮಬ್ಬಾಗುತ್ತಾ ಹೋಗುವ ಮಾರುದನಿ ತಾನಾಗಿಯೇ ಹಿಂದೆ ಸರಿದು ನಿಲ್ಲುತ್ತದೆ, ಮುಂದೆ ನುಡಿಸುವ ಸ್ವರಕ್ಕೆ ಜಾಗ ಬಿಡುತ್ತದೆ.

ಹಳೆ ಟೇಪ್ ಎಕೋಗಳನ್ನು ಗಿಟಾರಿಸ್ಟರು ಇವತ್ತಿಗೂ ಪ್ರೀತಿಸುವುದು ಇದಕ್ಕೇ. 1959ರ ಸುಮಾರಿಗೆ ಬಂದ ಎಕೋಪ್ಲೆಕ್ಸ್, 1974ರಲ್ಲಿ ಬಂದ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ, ಎರಡರಲ್ಲೂ ಕೆಲಸ ಒಂದೇ. ಸುತ್ತುತ್ತಿರುವ ಟೇಪಿನ ಮೇಲೆ ಸದ್ದು ಬರೆ, ಸ್ವಲ್ಪ ಮುಂದೆ ಇನ್ನೊಂದು ಹೆಡ್ಡಿನಿಂದ ಓದು. ಎಕೋಪ್ಲೆಕ್ಸ್‌ನಲ್ಲಿ ಹೆಡ್ಡನ್ನೇ ಸರಿಸಿ ಟೈಮ್ ಬದಲಿಸುತ್ತಿದ್ದರು. ಸ್ಪೇಸ್ ಎಕೋದಲ್ಲಿ ಓದುವ ಹೆಡ್ಡುಗಳೇ ಮೂರು. ಇಟಲಿಯ ಬಿನ್ಸನ್ ಎಕೋರೆಕ್‌ನಲ್ಲಿ ಟೇಪ್ ಇರಲಿಲ್ಲ, ಸುತ್ತುವ ಲೋಹದ ಡ್ರಮ್ ಇತ್ತು. ಪಿಂಕ್ ಫ್ಲಾಯ್ಡ್ ರಾಕ್ ತಂಡದ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಬಳಸುತ್ತಿದ್ದದ್ದು ಅದನ್ನೇ. ಟೇಪ್ ಸವೆದಂತೆ ಸದ್ದು ಮಬ್ಬಾಗುತ್ತದೆ, ಮೋಟಾರು ಚೂರು ಹೆಚ್ಚುಕಡಿಮೆ ಓಡಿದರೆ ಸ್ವರ ಸಣ್ಣಗೆ ತೂಗುತ್ತದೆ. ಇಂಜಿನಿಯರುಗಳು ಅದನ್ನು ದೋಷ ಅಂತಲೇ ಬರೆದುಕೊಂಡರು, ಕಿವಿಗೆ ಮಾತ್ರ ಹಿತವಾಯಿತು.

ಇನ್ನು ಅನಲಾಗ್ ಪೆಡಲ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಜಾಸ್ತಿ ಗೊಂದಲ ಇರುವುದು ಇಲ್ಲೇ.

ಮನೆಗೆ ಸ್ಲ್ಯಾಬ್ ಹಾಕುವಾಗ ನೋಡಿರುತ್ತೀರಿ, ಕೆಳಗಿನಿಂದ ಮೇಲಿನವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. 1969ರಲ್ಲಿ ಫಿಲಿಪ್ಸ್ ಕಂಪನಿಯ ಇಬ್ಬರು ಸಂಶೋಧಕರು ಚಿಪ್ಪಿನೊಳಗೆ ಇದೇ ಉಪಾಯ ಮಾಡಿದರು, ಹೆಸರು ಬಕೆಟ್ ಬ್ರಿಗೇಡ್. ಬಾಂಡ್ಲಿಯ ಬದಲು ವಿದ್ಯುತ್ತಿನ ಚೂರು, ಮೇಸ್ತ್ರಿಯ ಕೂಗಿನ ಬದಲು ಕ್ಲಾಕ್. ಪೆಡಲುಗಳಲ್ಲಿ ಹೆಸರುವಾಸಿಯಾದ ಪ್ಯಾನಾಸೋನಿಕ್ ಎಂಎನ್3005 ಚಿಪ್ಪಿನಲ್ಲಿ ಹೀಗೆ 4096 ಮೆಟ್ಟಿಲು. ಒಬ್ಬರ ಕೈಯಲ್ಲಿ ಬಾಂಡ್ಲಿ ಇದ್ದರೆ ಪಕ್ಕದವರ ಕೈ ಖಾಲಿ ಇರಲೇಬೇಕು, ಇಲ್ಲದಿದ್ದರೆ ಈಸಿಕೊಳ್ಳುವುದು ಹೇಗೆ? ಅಂದರೆ ಒಂದು ಹೊತ್ತಿಗೆ ಸಾಲಿನಲ್ಲಿ ಇರುವುದು 2048 ಬಾಂಡ್ಲಿ ಮಾತ್ರ. 300 ಮಿಲಿಸೆಕೆಂಡ್ ತಡ ಬೇಕು ಅಂದರೆ ಈ 2048 ಬಾಂಡ್ಲಿ ದಾಟಲು 0.3 ಸೆಕೆಂಡ್ ಆಗಬೇಕು, ಸೆಕೆಂಡಿಗೆ ಸುಮಾರು 6800. ಸದ್ದನ್ನು ಹೀಗೆ ಚೂರು ಮಾಡಿ ಕಳಿಸುವಾಗ ಚೂರುಗಳ ಸಂಖ್ಯೆಯ ಅರ್ಧದಷ್ಟು ಕಂಪನದವರೆಗೆ ಮಾತ್ರ ನೆಟ್ಟಗೆ ದಾಟುತ್ತದೆ. ಅಂದರೆ 3400 ಹರ್ಟ್ಜ್, ಅದಕ್ಕಿಂತ ಮೇಲಿನದನ್ನು ಫಿಲ್ಟರ್ ಹಾಕಿ ಮೊದಲೇ ಕತ್ತರಿಸಿಬಿಡಬೇಕು.

ಗಿಟಾರಿನ ತೆಳು ತಂತಿಯ 22ನೇ ಫ್ರೆಟ್ಟಿನ ಸ್ವರ ಕೂಡ 1175 ಹರ್ಟ್ಜ್ ಅಷ್ಟೇ. ಹಾಗಾಗಿ ಸ್ವರ ಪೂರ್ತಿ ದಾಟುತ್ತದೆ, ಮೇಲಿನ ಮಿರುಗು ಉದುರಿಹೋಗುತ್ತದೆ. ಅನಲಾಗ್ ಮಾರುದನಿ ಮಬ್ಬಾಗಲು ಕಾರಣ ಇಷ್ಟೇ. ಟೈಮ್ ಹೆಚ್ಚಿಸಲು ಕ್ಲಾಕ್ ನಿಧಾನ ಮಾಡಬೇಕು, ನಿಧಾನ ಮಾಡಿದಷ್ಟೂ ಹೆಚ್ಚು ಕತ್ತರಿಸಬೇಕು. 1981ರ ಡಿಎಂ-2, 300 ಮಿಲಿಸೆಕೆಂಡಿಗೆ ನಿಂತದ್ದು ಇದರಿಂದಲೇ. ಎಲೆಕ್ಟ್ರೋ ಹಾರ್ಮೋನಿಕ್ಸ್‌ನವರು ಡಿಲಕ್ಸ್ ಮೆಮೊರಿ ಮ್ಯಾನ್‌ನಲ್ಲಿ ಎರಡು ಎಂಎನ್3005 ಹಾಕಿ 550ರ ಹತ್ತಿರ ಹೋದರು. ಯು2 ರಾಕ್ ತಂಡದ ಗಿಟಾರಿಸ್ಟ್ ದಿ ಎಡ್ಜ್ ಶುರುವಿನ ವರ್ಷಗಳಲ್ಲಿ ನುಡಿಸಿದ್ದು ಮೆಮೊರಿ ಮ್ಯಾನ್ ಮೇಲೆ. ಎಂಎಕ್ಸ್‌ಆರ್ ಕಾರ್ಬನ್ ಕಾಪಿ 600 ಕೊಡುತ್ತದೆ, ಆ ಹಸಿರು ಪೆಡಲಿನ ಮಬ್ಬು ನನಗೆ ತುಂಬಾ ಇಷ್ಟ. ಹೊಸದಾಗಿ ಅನಲಾಗ್ ಪೆಡಲ್ ಕೊಳ್ಳುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ.

ಇಂಥ ಪೆಡಲಿನ ಮುಚ್ಚಳ ತೆಗೆದರೆ ಒಳಗೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಎರಡು-ಮೂರು ಪುಟ್ಟ ನಾಬುಗಳು, ಅಂದರೆ ಟ್ರಿಮ್‌ಗಳು ಕಾಣುತ್ತವೆ. ಅದರಲ್ಲಿ ಒಂದು ಬಯಾಸ್. ಚಿಪ್ಪಿಗೆ ಹೋಗುವ ವೋಲ್ಟೇಜ್ ಸರಿಯಾಗಿ ನಡುವೆ ಕೂರಬೇಕು, ಇಲ್ಲದಿದ್ದರೆ ಸ್ವರದ ಒಂದು ಬದಿ ಚಪ್ಪಟೆಯಾಗಿ ಮಾರುದನಿ ಗರಗರ ಅನ್ನುತ್ತದೆ, ಇನ್ನೂ ಸರಿದರೆ ಮಾರುದನಿಯೇ ಬರಲ್ಲ. ಸ್ಕ್ರೂಡ್ರೈವರ್ ಕೂದಲೆಳೆಯಷ್ಟು ತಿರುಗಿದರೂ ವ್ಯತ್ಯಾಸ ಕೇಳಿಸುತ್ತದೆ. "ಸುಮ್ನೆ ನೋಡೋಣ ಅಂತ ತಿರುವಿದೆ ಅಣ್ಣಾ" ಅಂತ ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ದಯವಿಟ್ಟು ತಿರುವಬೇಡಿ. ತಿರುವಲೇಬೇಕು ಅಂದರೆ ಮೊದಲಿದ್ದ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡು ತಿರುವಿ. ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಪೆಡಲುಗಳಲ್ಲಿ ಅದಿರಿನ ಕೆಂಪು ಧೂಳು ನಾಬಿನೊಳಗೆ ಇಳಿದಿರುತ್ತದೆ, ಟೈಮ್ ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಪೆಡಲ್ ಹಾಳಾಯಿತು ಅಂತ ಹೆದರಬೇಕಿಲ್ಲ.

ಡಿಜಿಟಲ್ ಕಥೆ ಚಿಕ್ಕದು. 1983ರಲ್ಲಿ ಬಾಸ್ ಡಿಡಿ-2 ಬಂತು, ಅಂಗೈ ಅಗಲದ ಪೆಡಲಿನಲ್ಲಿ ಮೊದಲ ಡಿಜಿಟಲ್ ಡಿಲೇ. ಸದ್ದನ್ನು ಅಂಕಿ ಮಾಡಿ ಮೆಮೊರಿಯಲ್ಲಿಟ್ಟು ವಾಪಸ್ ಓದುವುದು, ಹಾಗಾಗಿ ಸವೆತ ಕಡಿಮೆ. 800 ಮಿಲಿಸೆಕೆಂಡ್ ಆಗ ದೊಡ್ಡ ಸಂಗತಿ. 1986ರಲ್ಲಿ ಡಿಡಿ-3. ಈಗಿನ ಡಿಡಿ-8 ಹತ್ತು ಸೆಕೆಂಡ್ ಕೊಡುತ್ತದೆ. 1999ರಲ್ಲಿ ಲೈನ್ 6 ಕಂಪನಿಯ ಡಿಎಲ್4 ಬಂದ ಮೇಲೆ ಡಿಜಿಟಲ್ ಪೆಡಲುಗಳು ಟೇಪಿನ ತೂಗಾಟವನ್ನೂ ಬಕೆಟ್ ಬ್ರಿಗೇಡಿನ ಮಬ್ಬನ್ನೂ ಅನುಕರಿಸಲು ಕಲಿತವು. ಸ್ಟ್ರೈಮನ್‌ನ ಎಲ್ ಕ್ಯಾಪಿಸ್ಟಾನ್‌ನಲ್ಲಿ ಟೇಪ್ ಎಷ್ಟು ಹಳತಾಗಿರಬೇಕು ಅಂತ ಹೇಳಲು ಒಂದು ನಾಬೇ ಇದೆ. ಆದ್ದರಿಂದ ಅನಲಾಗ್ ಶ್ರೇಷ್ಠ, ಡಿಜಿಟಲ್ ಕೀಳು ಅಂತ ನಾನು ಹೇಳಲ್ಲ. ಮೂರನೇ ಮಾರುದನಿ ನಿಮ್ಮ ಹಾಡಿನಲ್ಲಿ ಎಲ್ಲಿ ನಿಲ್ಲಬೇಕು ಅಂತ ನೋಡಿಕೊಳ್ಳಿ. ತಾಳಕ್ಕೆ ಹೆಣೆದು ನುಡಿಸುವವರಿಗೆ ಸ್ಪಷ್ಟವಾದದ್ದೇ ಬೇಕು, ಡಿಡಿ-3 ಅದಕ್ಕೆ ಬಹಳ ಒಳ್ಳೆಯದು. ಎಳೆದು ಹಾಡುವಂಥ ಸೋಲೋಗೆ ಮಬ್ಬು ಬೇಕು.

ಇವೆರಡರ ನಡುವೆ ಇನ್ನೊಂದು ಇದೆ, ಪಿಟಿ2399. ಬಹಳ ಅಗ್ಗದ ತೈವಾನ್ ಚಿಪ್ಪು. ಆಂಪ್ಲಿಫೈಯರಿಗೆ ಹಾಕುವ ಎಕೋ ಬೋರ್ಡ್ ಇದೆಯಲ್ಲ, ಎಷ್ಟೋ ಬೋರ್ಡುಗಳಲ್ಲಿ ಇದೇ ಚಿಪ್ಪು. ಅನಲಾಗ್ ಸದ್ದು ಅಂತ ಮಾರುವ ಅನೇಕ ಅಗ್ಗದ ಡಿಲೇ ಪೆಡಲುಗಳಲ್ಲೂ ಇದೇ. ಒಳಗೆ ಮಾಡುವ ಕೆಲಸ ಡಿಜಿಟಲ್, ಆದರೂ ಫಿಲ್ಟರ್ ಚೆನ್ನಾಗಿ ಹಾಕಿದರೆ ಮಬ್ಬು ಸೊಗಸಾಗಿ ಬರುತ್ತದೆ. 340 ಮಿಲಿಸೆಕೆಂಡ್ ಆಚೆ ಎಳೆದರೆ ಸದ್ದು ಒಡೆಯಲು ಶುರುವಾಗುತ್ತದೆ. 600 ಅಂತ ಡಬ್ಬಿ ಮೇಲೆ ಬರೆದಿದ್ದರೆ ಅಲ್ಲಿಗೇ ತಿರುಗಿಸಿ ಕೇಳಿ, ಆಮೇಲೆ ದುಡ್ಡು ಕೊಡಿ.

ಪೆಡಲ್ ಯಾವುದೇ ಇರಲಿ, ನಮ್ಮ ಕಡೆ ಕಾರ್ಯಕ್ರಮ ಕೆಡುವುದು ಬೇರೆ ಕಡೆಯಿಂದ. ರಸಮಂಜರಿಯಲ್ಲಿ ಬಹಳಷ್ಟು ಗಿಟಾರಿಸ್ಟರು ಆಂಪ್ ತರುವುದಿಲ್ಲ, ಪೆಡಲಿನಿಂದ ನೇರ ಮಿಕ್ಸರಿಗೆ ವೈರ್ ಕೊಡುತ್ತಾರೆ. ಮಿಕ್ಸರಿನಲ್ಲಿ ಗಾಯಕರಿಗಾಗಿ ಎಕೋ ಹಾಕಿರುತ್ತೇವೆ. ಗಿಟಾರಿನ ಚಾನೆಲ್ಲಿನಲ್ಲೂ ಆ ನಾಬ್ ಸ್ವಲ್ಪ ತೆರೆದಿದ್ದರೆ ಎಕೋ ಮೇಲೆ ಎಕೋ. ಅದರ ಮೇಲೆ ಎದುರಿನ ಕಟ್ಟಡದಿಂದಲೋ ಗುಡ್ಡದಿಂದಲೋ ಬರುವ ನಿಜವಾದ ಮಾರುದನಿ, ಜೊತೆಗೆ ಮೈದಾನದ ಆ ತುದಿಯಲ್ಲಿ ಇಟ್ಟ ಇನ್ನೊಂದು ಜೋಡಿ ಸ್ಪೀಕರ್. ನಾಲ್ಕು ಪದರ! ಕೊಪ್ಪಳದ ಹತ್ತಿರ ಒಂದು ಜಾತ್ರೆಯಲ್ಲಿ ಒಬ್ಬ ಒಳ್ಳೆಯ ಗಿಟಾರಿಸ್ಟ್ ಇಡೀ ಸೋಲೋ ತಪ್ಪಿಲ್ಲದೆ ನುಡಿಸಿದ, ಕೆಳಗೆ ಕೂತವರಿಗೆ ಒಂದು ಸ್ವರವೂ ಬಿಡಿಸಿ ಕೇಳಿಸಲಿಲ್ಲ. ಮಿಕ್ಸರ್ ಮುಂದೆ ಇದ್ದವನು ನಾನು. ನನಗೆ ಅದು ಇನ್ನೂ ನೋವಿನ ವಿಷಯ. ಅವತ್ತಿನಿಂದ ಸೌಂಡ್ ಚೆಕ್ಕಿನಲ್ಲಿ ಗಿಟಾರಿಸ್ಟನನ್ನು ಕೇಳುತ್ತೇನೆ: ಡಿಲೇ ನಿನ್ನ ಹತ್ತಿರ ಇರುತ್ತದೋ ನನ್ನ ಹತ್ತಿರವೋ? ಇಬ್ಬರಲ್ಲಿ ಒಬ್ಬರೇ ಹಾಕಬೇಕು. ಬಯಲಲ್ಲಿ ನುಡಿಸುವಾಗ ಮಾರುದನಿಯ ಲೆವೆಲ್ ಮನೆಯಲ್ಲಿ ಇಟ್ಟಿದ್ದಕ್ಕಿಂತ ಕಡಿಮೆ ಇಡಿ. ತಗಡಿನ ಶೀಟಿನ ಕಲ್ಯಾಣ ಮಂಟಪ ಆದರೆ ಅದಕ್ಕಿಂತಲೂ ಕಡಿಮೆ.

ಟೈಮ್ ಲೆಕ್ಕ ಸುಲಭ. 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬಡಿತ ಅನ್ನೋ ಲೆಕ್ಕ) ಭಾಗಿಸಿದರೆ ಒಂದು ಬಡಿತದ ಮಿಲಿಸೆಕೆಂಡ್ ಸಿಗುತ್ತದೆ. 120ಕ್ಕೆ 500, 100ಕ್ಕೆ 600. ಒಂದು ಬಡಿತವನ್ನು ನಾಲ್ಕು ಪಾಲು ಮಾಡಿ ಮೂರು ಪಾಲಿಗೆ ಡಿಲೇ ಇಟ್ಟರೆ, ಅಂದರೆ 120ರಲ್ಲಿ 375ಕ್ಕೆ, ನೀವು ನುಡಿಸಿದ ಸ್ವರಗಳ ಸಂದಿಯಲ್ಲಿ ಮಾರುದನಿ ಬಂದು ಕೂರುತ್ತದೆ. ದಿ ಎಡ್ಜ್ ಹೆಸರಾದದ್ದು ಈ ಹೆಣಿಗೆಯಿಂದಲೇ. ತಾಳಕ್ಕೆ ತಕ್ಕಂತೆ ಒತ್ತಿ ಟೈಮ್ ಇಡುವ ಟ್ಯಾಪ್ ಟೆಂಪೋ ನಿಮ್ಮ ಪೆಡಲಿನಲ್ಲಿ ಇಲ್ಲದಿದ್ದರೆ ರಿದಂ ಪ್ಯಾಡಿನವನನ್ನು ಬಿಪಿಎಂ ಕೇಳಿ, ಅವನಿಗೆ ಗೊತ್ತಿರುತ್ತದೆ.

ಇನ್ನೊಂದು ಮಾತು, ಅಡಾಪ್ಟರ್. ಹೆಚ್ಚಿನ ಪೆಡಲುಗಳಿಗೆ 9 ವೋಲ್ಟ್, ಪಿನ್ನಿನ ಒಳಗೆ ಮೈನಸ್. ಸ್ಟೇಜ್ ಮೇಲೆ ಸಿಗುವ ಎಷ್ಟೋ ಕೀಬೋರ್ಡ್ ಅಡಾಪ್ಟರುಗಳು 12 ವೋಲ್ಟ್, ಒಳಗೆ ಪ್ಲಸ್. ಅವಸರದಲ್ಲಿ ಅದನ್ನು ಚುಚ್ಚಿದರೆ ನಿಮ್ಮ ನಸೀಬು ಚೆನ್ನಾಗಿದ್ದಾಗ ಎರಡು ರೂಪಾಯಿಯ ಡಯೋಡ್ ಸುಟ್ಟು ಉಳಿದದ್ದನ್ನು ಕಾಪಾಡುತ್ತದೆ, ಇಲ್ಲದಿದ್ದರೆ ಚಿಪ್ಪೇ ಹೋಗುತ್ತದೆ. ಡಿಜಿಟಲ್ ಡಿಲೇಗೆ ಕರೆಂಟೂ ಜಾಸ್ತಿ ಬೇಕು, ಸ್ಟ್ರೈಮನ್ ಟೈಮ್‌ಲೈನ್ ಒಂದಕ್ಕೇ 300 ಮಿಲಿಆಂಪ್. ಒಂದೇ ಅಡಾಪ್ಟರಿನಿಂದ ಡಿಸ್ಟಾರ್ಷನ್ ಪೆಡಲಿಗೂ ಅದಕ್ಕೂ ಕೊಟ್ಟರೆ ಸಣ್ಣಗೆ ಕುಂಯ್ ಅನ್ನುವ ಸದ್ದು ಬರುವುದುಂಟು, ಡಿಲೇಗೆ ಬೇರೆ ಅಡಾಪ್ಟರ್ ಕೊಟ್ಟರೆ ನಿಲ್ಲುತ್ತದೆ.

ಗಂಗಾವತಿಯ ಹುಡುಗನಿಗೆ ಅವನ ತಂಡದ ಹಾಡುಗಳ ವೇಗ ಕೇಳಿದೆ. ನಿಧಾನದವು 100ರ ಆಸುಪಾಸು ಅಂದ. ಹಾಗಾದರೆ ಅರ್ಧ ಬಡಿತಕ್ಕೆ 300, ಗೆಳೆಯನ ಪೆಡಲಿನ ಟೈಮ್ ನಾಬ್ ಕೊನೆಗೆ ತಿರುಗಿಸಿದರೆ ಸರಿಯಾಗಿ ಅಷ್ಟೇ. ಅಲ್ಲಿ ಅದು ತನ್ನ ಅತಿ ಮಬ್ಬಿನಲ್ಲಿ ಇರುತ್ತದೆ, ಸ್ವಲ್ಪ ಸುಯ್ ಅನ್ನುವ ಸದ್ದೂ ಇರುತ್ತದೆ. ಅವನು ಗಿಟಾರ್ ತೊಡೆ ಮೇಲೆ ಇಟ್ಟುಕೊಂಡು ಒಂದು ಸಾಲು ನುಡಿಸಿದ, ನಿಲ್ಲಿಸಿದ, ಮಾರುದನಿಯ ಬಾಲ ಪೂರ್ತಿ ಆರುವವರೆಗೂ ಕೈ ಎತ್ತಲಿಲ್ಲ. ಇನ್ನೊಮ್ಮೆ ನುಡಿಸಿದ. ಆಮೇಲೆ ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿ, ಇದನ್ನ ಬ್ಯಾರೆ ಯಾರಿಗೂ ಕೊಡಬ್ಯಾಡ ಅಂದ. ಡಿಡಿ-3ಯನ್ನೂ ಮಾರಬೇಡ ಅಂತ ನಾನು ಹೇಳಿದೆ, ತಾಳದ ಹಾಡುಗಳಿಗೆ ಬೇಕಾಗುತ್ತದೆ. ಅನಲಾಗ್ ಪೆಡಲಿನ ನಾಬುಗಳಿಗೆ ಕ್ಲೀನರ್ ಹೊಡೆದು, ಬಯಾಸ್ ಟ್ರಿಮ್ ಇದ್ದ ಜಾಗಕ್ಕೆ ಮಾರ್ಕರ್ ಗೆರೆ ಎಳೆದು, ಮುಚ್ಚಳದ ನಾಲ್ಕೂ ಸ್ಕ್ರೂ ಬಿಗಿದು ಅವನ ಕೈಗೆ ಕೊಟ್ಟೆ.