ಬಹಾಯ್ ನಾ ಬಾತೋ: ಭಾರ ಹೊರುವುದು ಗೋಡೆಯಲ್ಲ, ಕಂಬ

ಫಿಲಿಪ್ಪೀನ್ಸ್‌ನ ಹಳೆಯ ಮನೆಗಳ ದುರಸ್ತಿಗೆ ಸಲಹೆ ಕೇಳಿ ಬರುವವರ ನಕ್ಷೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಎದುರಾಗುತ್ತದೆ. ನೆಲಮಹಡಿಯಲ್ಲಿ ಕಾಫಿ ಅಂಗಡಿಯನ್ನೋ ಮಳಿಗೆಯನ್ನೋ ತೆರೆಯಬೇಕೆಂದು ಅಲ್ಲಿನ ಮರದ ಕಂಬಗಳನ್ನು ತೆಗೆದುಹಾಕಲು ಅವುಗಳ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. ಮೇಲ್ಮಹಡಿಯನ್ನು ಯಾವುದು ಹೊರುತ್ತದೆ ಎಂದು ಕೇಳಿದರೆ, ಸ್ಪೇನಿನವರ ಕಾಲದ ಅಷ್ಟು ದಪ್ಪದ ಕಲ್ಲಿನ ಗೋಡೆ ಇದೆಯಲ್ಲ ಎನ್ನುತ್ತಾರೆ. ಈ ಉತ್ತರ ಎಷ್ಟು ಅಪಾಯಕಾರಿ ಎಂಬುದನ್ನು ವಿವರವಾಗಿಯೇ ಹೇಳಬೇಕಾಗಿದೆ.

ಬಹಾಯ್ ನಾ ಬಾತೋ, ಅಂದರೆ ಕಲ್ಲಿನ ಮನೆ, ಎಂದು ಕರೆಯುವ ಈ ಮನೆಗಳು ನೋಡುವವರಿಗೆ ಯುರೋಪಿನಿಂದ ಎತ್ತಿ ತಂದು ಇಟ್ಟಂತೆ ತೋರುತ್ತವೆ. ಕೆಳಗೆ ಕಲ್ಲು ಅಥವಾ ಇಟ್ಟಿಗೆ, ಮೇಲೆ ಮರ, ಮುಂದಕ್ಕೆ ಚಾಚಿದ ಮೊಗಸಾಲೆ, ಕಾಪಿಸ್ ಎಂಬ ತೆಳುವಾದ ಕಡಲಚಿಪ್ಪಿನ ಜಾರುಕಿಟಕಿಗಳು. (ಗೋವಾದ ಪೋರ್ಚುಗೀಸ್ ಕಾಲದ ಮನೆಗಳ ಕಿಟಕಿಗಳಲ್ಲಿ ಇಂಥದೇ ಚಿಪ್ಪಿನ ಹಲ್ಲೆಗಳನ್ನು ನಮ್ಮವರಲ್ಲಿ ಅನೇಕರು ಕಂಡಿರಬಹುದು.) ಆದರೆ ಇದರ ಅಸ್ಥಿಪಂಜರ ಸ್ಪೇನಿನದಲ್ಲ. ನೆಲದಿಂದ ಮೇಲಕ್ಕೆ ಎತ್ತಿ ಕಂಬಗಳ ಮೇಲೆ ನಿಲ್ಲಿಸಿದ ಸ್ಥಳೀಯ ಬಹಾಯ್ ಕುಬೋ ಗುಡಿಸಲಿನ ಕ್ರಮವೇ ಇಲ್ಲಿ ಗಟ್ಟಿ ಮರದಲ್ಲಿ ಮುಂದುವರಿದಿದೆ. ಮೊಲಾವೆ, ಇಪಿಲ್ ಮುಂತಾದ ಮರಗಳ ಕಂಬಗಳು ಕೆಳಗಿನ ಗೋಡೆಯ ಒಳಮುಖಕ್ಕೆ ತಾಗಿಯೋ ಗೋಡೆಯೊಳಗೆ ಹುದುಗಿಯೋ ಮೇಲೇರಿ, ಅಟ್ಟವನ್ನೂ ಛಾವಣಿಯನ್ನೂ ಹೊರುತ್ತವೆ. ಅವುಗಳ ಸುತ್ತಲಿನ ಕಲ್ಲು ಬಹುಮಟ್ಟಿಗೆ ಒಂದು ಆವರಣ ಮಾತ್ರ.

ಹೀಗೇಕಾಯಿತು ಎಂಬುದಕ್ಕೆ ಇತಿಹಾಸದಲ್ಲಿ ಸ್ಪಷ್ಟ ಕಾರಣಗಳಿವೆ. 1571ರಲ್ಲಿ ಸ್ಪೇನಿನ ವಶಕ್ಕೆ ಬಂದ ಮನಿಲಾ ಮೊದಲು ಮರ, ಬಿದಿರು ಮತ್ತು ಹುಲ್ಲಿನ ಊರಾಗಿತ್ತು. 1583ರ ಬೆಂಕಿ ಅದನ್ನು ಸುಟ್ಟ ಮೇಲೆ ಕಲ್ಲಿನಲ್ಲಿ ಕಟ್ಟುವ ಆಗ್ರಹ ಬಲವಾಯಿತು. ಜೆಸುಯಿಟ್ ಪಾದ್ರಿ ಆಂತೋನಿಯೋ ಸೆದೆನ್ಯೋ ಕಲ್ಲು ಮತ್ತು ಸುಣ್ಣದ ಕೆಲಸವನ್ನು ಅಲ್ಲಿ ರೂಢಿಸಿದವರಲ್ಲಿ ಪ್ರಮುಖರು. ಪಾಸಿಗ್ ನದಿಯ ದಂಡೆಯ ಗಣಿಗಳಿಂದ ಮೃದುವಾದ ಜ್ವಾಲಾಮುಖಿ ಕಲ್ಲು ಬಂತು. ಚೀನೀ ಮತ್ತು ಸ್ಥಳೀಯ ಕುಶಲಕರ್ಮಿಗಳ ಕೈಯಲ್ಲಿ ಗೋಡೆಗಳೆದ್ದವು. ಬೆಂಕಿಗೆ ಕಲ್ಲು ಉತ್ತರವಾಗಿತ್ತು, ಭೂಕಂಪಕ್ಕೆ ಆಗಲಿಲ್ಲ. 1645ರ ನವೆಂಬರಿನ ಕಂಪನ ಮನಿಲಾದ ಕಲ್ಲಿನ ಕಟ್ಟಡಗಳಲ್ಲಿ ಬಹಳಷ್ಟನ್ನು ಕೆಡವಿತು. ವಸಾಹತು ಕಾಲದ ಉದ್ದಕ್ಕೂ ಕಟ್ಟುವವರು ಕಲ್ಲನ್ನು ಕೆಳಕ್ಕೆ, ಮರವನ್ನು ಮೇಲಕ್ಕೆ ಇಟ್ಟದ್ದು ಇಂಥ ಅನುಭವದಿಂದ. 1863ರ ಜೂನ್ 3ರ ಭೂಕಂಪ ಮನಿಲಾದ ಕೆಥೆಡ್ರಲ್ಲನ್ನೂ ಗವರ್ನರ್‌ನ ಅರಮನೆಯನ್ನೂ ಉರುಳಿಸಿದಾಗ ಆಡಳಿತದ ನಿವಾಸವೇ ಮಲಕಾನ್ಯಾಂಗ್ ಭವನಕ್ಕೆ ಹೋಯಿತು. 1880ರ ಭೂಕಂಪದ ನಂತರ ಭಾರದ ಹೆಂಚುಗಳ ಜಾಗಕ್ಕೆ ತಗಡಿನ ಛಾವಣಿ ವ್ಯಾಪಕವಾಗಿ ಬಂತು.

ಕಲ್ಲು ನಿಜವಾಗಿಯೂ ಭಾರ ಹೊರಬೇಕಾದ ಕಡೆ ಅದಕ್ಕೆ ಏನೇನು ಬೇಕಾಗುತ್ತದೆ ಎಂಬುದನ್ನು ನೋಡಬಯಸುವವರು ಲೂಸೋನ್ ದ್ವೀಪದ ಉತ್ತರಕ್ಕಿರುವ ಪಾವೈ ಚರ್ಚಿಗೆ ಹೋಗಬೇಕು. ಹವಳಶಿಲೆ ಮತ್ತು ಇಟ್ಟಿಗೆಯ ಅದರ ಗೋಡೆಗಳು ಒಂದೂವರೆ ಮೀಟರಿಗಿಂತಲೂ ದಪ್ಪ; ಅವನ್ನು ಒತ್ತಿ ಹಿಡಿಯಲು ಹೊರಗಿನಿಂದ 24 ಬೃಹತ್ ಆನಿಕೆಗಳಿವೆ; ಗಂಟೆಗೋಪುರ ಬಿದ್ದರೂ ಚರ್ಚಿನ ಮೇಲೆ ಬೀಳದಂತೆ ದೂರದಲ್ಲಿ ಪ್ರತ್ಯೇಕವಾಗಿ ನಿಂತಿದೆ. ಇಷ್ಟೆಲ್ಲ ಸಿದ್ಧತೆಯಿದ್ದರೂ ಕಲ್ಲಿನ ಕಟ್ಟಡಕ್ಕೆ ಪೂರ್ಣ ಅಭಯವಿಲ್ಲ. 2013ರ ಅಕ್ಟೋಬರಿನಲ್ಲಿ ಬೊಹೋಲ್ ದ್ವೀಪವನ್ನು ನಡುಗಿಸಿದ 7.2 ತೀವ್ರತೆಯ ಭೂಕಂಪಕ್ಕೆ ಲೂನ್ ಊರಿನ ದೊಡ್ಡ ಚರ್ಚು ಕಲ್ಲಿನ ರಾಶಿಯಾಯಿತು. ಹಾಗಿರುವಾಗ, ಆನಿಕೆಯೇ ಇಲ್ಲದ ಮನೆಯ ಗೋಡೆಯ ಮೇಲೆ ಇಡೀ ಮಹಡಿಯ ಭಾರ ಹಾಕಲು ಹೊರಡುವುದು ಯಾವ ಧೈರ್ಯದಿಂದ?

ಇನ್ನೂ ಬಿಡಿಸಿ ಹೇಳುತ್ತೇನೆ. ನೆಲ ಅಡ್ಡಡ್ಡ ಅಲುಗಿದಾಗ ಬೆಣೆ ಮತ್ತು ಕುಳಿಗಳಿಂದ ಕೂಡಿಸಿದ ಮರದ ಚೌಕಟ್ಟು ಬಾಗಿ, ಕಿರುಗುಟ್ಟಿ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಕಲ್ಲಿಗೆ ಆ ಗುಣವಿಲ್ಲ. ಅದು ಸೀಳುತ್ತದೆ, ಮತ್ತು ಹೆಚ್ಚಾಗಿ ಹೊರಮುಖವಾಗಿ ಕಳಚಿ ಬೀಳುತ್ತದೆ. ಕಂಬಗಳಿರುವ ಮನೆಯಲ್ಲಿ ಗೋಡೆ ಬಿದ್ದರೂ ಅಟ್ಟ ನಿಂತೇ ಇರುವ ಸಾಧ್ಯತೆ ಇದೆ, ಒಳಗಿದ್ದವರು ಇಳಿದು ಬರಬಹುದು. ಕಂಬ ಕತ್ತರಿಸಿದ ಮನೆಯಲ್ಲಿ ಗೋಡೆಯೊಂದಿಗೆ ಅಟ್ಟವೂ ಬರುತ್ತದೆ. ಮಹಡಿ ಇವತ್ತು ನಿಂತಿದೆ, ಕಂಬ ತೆಗೆದು ವರ್ಷವಾದರೂ ಬಿರುಕು ಬಿಟ್ಟಿಲ್ಲ ಎಂಬುದು ಯಾವ ಪುರಾವೆಯೂ ಅಲ್ಲ. ನಿಶ್ಚಲವಾಗಿರುವ ಭಾರವನ್ನು ಗೋಡೆ ಹೊತ್ತೀತು. ಪ್ರಶ್ನೆ ಇರುವುದು ಅಲುಗುವ ಭಾರದ ಬಗ್ಗೆ.

ತಾಲ್ ಪಟ್ಟಣದ ಒಂದು ಮನೆಯಲ್ಲಿ ಮೊಮ್ಮಕ್ಕಳು ಗುತ್ತಿಗೆದಾರನ ಮಾತು ನಂಬಿ ಕಂಬಗಳ ಜೊತೆಗೆ ಹಳೆಯ ಸುಣ್ಣದ ಗಾರೆಯನ್ನೂ ಕೆರೆದು ಕಲ್ಲನ್ನು ತೋರಿಸಲು ಸಿದ್ಧರಾಗಿದ್ದರು. ಒಂದು ಪಕ್ಕದ ಗೋಡೆಗೆ ಅದಾಗಲೇ ಸಿಮೆಂಟು ಬಳಿದಿದ್ದರು. ಮನೆಯ ಅಜ್ಜಿ ಏನೂ ವಾದಿಸದೆ ನನ್ನನ್ನು ಆ ಸಿಮೆಂಟು ಬಳಿದ ಗೋಡೆಯ ಮೂಲೆಗೆ ಕರೆದೊಯ್ದು, ಕಂಬದ ಬುಡವನ್ನು ಮುಟ್ಟಿ ನೋಡಿ ಎಂದರು. ಬೆರಳಿಗೆ ಮರ ಪುಡಿಯಾಗಿ ಬಂತು. ಮನೆಯ ಮೇಲೆ ಅವರಿಗಿದ್ದ ಅಕ್ಕರೆ ಮಾತಿಗಿಂತ ಆ ಕೈಯಲ್ಲಿತ್ತು. ಕಾರಣ ಸರಳ: ನೆಲದಿಂದ ಏರುವ ತೇವ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ, ಸಿಮೆಂಟಿನ ಹಿಂದೆ ಸಿಕ್ಕಿಕೊಳ್ಳುತ್ತದೆ; ಹುದುಗಿರುವ ಕಂಬ ಆ ತೇವದಲ್ಲೇ ಕೊಳೆಯುತ್ತದೆ. ಗಾರೆಯಿಲ್ಲದೆ ಬತ್ತಲಾಗಿ ಬಿಟ್ಟರೆ ಮೃದುವಾದ ಆ ಕಲ್ಲು ಮಳೆಗೆ ಸವೆಯುತ್ತದೆ. ಕಲ್ಲನ್ನೇ ಮನೆಯೆಂದು ಭಾವಿಸುವವರು ಕೊನೆಗೆ ಕಲ್ಲು, ಕಂಬ ಎರಡನ್ನೂ ಕಳೆದುಕೊಳ್ಳುತ್ತಾರೆ.

ತೆಗೆದ ಕಂಬದ ಜಾಗಕ್ಕೆ ಕಾಂಕ್ರೀಟ್ ಹಾಕಿದರಾಯಿತು ಎಂಬ ಅತಿಯಾದ ಭರವಸೆ ಸ್ಪೇನಿನ ನಂತರ ಬಂದ ಅಮೆರಿಕದ ಆಳ್ವಿಕೆಯ ಕೊಡುಗೆ. 1905ರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಮ್ ಮನಿಲಾಕ್ಕೆ ನಗರ ಯೋಜನೆ ರೂಪಿಸಿದ ಮೇಲೆ, ಅದೇ ದೇಶದ ವಾಸ್ತುಶಿಲ್ಪಿ ವಿಲಿಯಂ ಪಾರ್ಸನ್ಸ್ ಸರ್ಕಾರಿ ಕಟ್ಟಡಗಳನ್ನು ಬಲವರ್ಧಿತ ಕಾಂಕ್ರೀಟಿನಲ್ಲಿ ಕಟ್ಟಿಸಿದರು. ಗಾಳಿಯಾಡುವ ಮೊಗಸಾಲೆಗಳನ್ನು ಅವರು ಬಿಟ್ಟುಕೊಡಲಿಲ್ಲ. ಅವು ಒಳ್ಳೆಯ ಕಟ್ಟಡಗಳು, ಏಕೆಂದರೆ ಆರಂಭದಿಂದಲೇ ಆ ವಸ್ತುವಿಗೆ ಹೊಂದುವಂತೆ ಯೋಚಿಸಿದವು. ಬಾಗುವ ಮರದ ಚೌಕಟ್ಟಿನ ನಡುವೆ ಎರಡು ಬಿಗಿಯಾದ ಕಾಂಕ್ರೀಟ್ ಕಂಬಗಳನ್ನು ತುರುಕುವುದು ಬೇರೆ ಮಾತು. ಅಲುಗಾಟದ ಬಹುಪಾಲು ಆ ಬಿಗಿಯಾದ ಭಾಗದ ಮೇಲೇ ಬಂದು ಬೀಳುತ್ತದೆ.

ಎಲ್ಲ ಮನೆಗಳಿಗೂ ಇದೇ ನಿಯಮವೆಂದು ನಾನು ಹೇಳಲಾರೆ. ವಿಗಾನ್‌ನಲ್ಲಿ ಮೇಲ್ಮಹಡಿಯೂ ಇಟ್ಟಿಗೆಯದಾದ ಮನೆಗಳಿವೆ. ಅಲ್ಲಿ ಗೋಡೆಗಳೂ ಭಾರದಲ್ಲಿ ಪಾಲು ಪಡೆದಿರಬಹುದು, ಮತ್ತು 2022ರ ಜುಲೈನ ಭೂಕಂಪದಲ್ಲಿ ಆ ಪಟ್ಟಣದ ಇಟ್ಟಿಗೆ ಕೆಲಸಕ್ಕೆ ಹಾನಿಯಾದದ್ದನ್ನು ಎಲ್ಲರೂ ನೋಡಿದ್ದಾರೆ. ಆದ್ದರಿಂದ ಅಟ್ಟದ ಒಂದೆರಡು ಹಲಗೆಗಳನ್ನು ಎತ್ತಿಸಿ, ತೊಲೆಯ ತುದಿ ಕಂಬದ ಮೇಲೆ ಕುಳಿತಿದೆಯೋ ಗೋಡೆಯ ಮೇಲೆಯೋ ಎಂಬುದನ್ನು ಕಣ್ಣಾರೆ ನೋಡದೆ ಯಾರ ನಕ್ಷೆಗೂ ಒಪ್ಪಿಗೆ ಕೊಡಬೇಡಿ, ನನ್ನ ನಕ್ಷೆಗೂ ಸೇರಿದಂತೆ.

ತಾಲ್‌ನ ಆ ಕಂಬದ ಕೊಳೆತ ಬುಡವನ್ನಷ್ಟೇ ಕತ್ತರಿಸಿ, ಕೆಡವಿದ ಬೇರೊಂದು ಮನೆಯ ಮೊಲಾವೆ ತುಂಡನ್ನು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೊರೆದು ಕೂಡಿಸಿದೆವು. ನೈಸರ್ಗಿಕ ಕಾಡಿನ ಮರ ಕಡಿಯುವುದನ್ನು 2011ರಲ್ಲಿ ಸರ್ಕಾರಿ ಆದೇಶ ತಡೆದಿರುವುದರಿಂದ ಈ ಜಾತಿಯ ಹೊಸ ಮರ ಸಿಗುವುದು ಕಷ್ಟ. ಹೀಗಾಗಿ ಹಳೆಯ ಮನೆಯನ್ನು ಕೆಡವಲೇಬೇಕಾಗಿ ಬಂದವರು ಅದರ ಕಂಬ, ತೊಲೆಗಳನ್ನು ಸೌದೆಗೆ ಮಾರದೆ, ನೆಲಕ್ಕೆ ತಾಗದಂತೆ, ಮಳೆ ಬೀಳದ ಕಡೆ ಅಡ್ಡಲಾಗಿ ಪೇರಿಸಿಡಬೇಕೆಂದು ಕೇಳಿಕೊಳ್ಳುತ್ತೇನೆ.