ಕಣವನ್ನೇ ಹೊಟ್ಟೆಯೊಳಗೆ ಇಟ್ಟುಕೊಂಡ ಮೆಷಿನ್

ಹುತ್ತರಿ ಕಳೆದು ಗದ್ದೆ ಕೊಯ್ಲು ಶುರುವಾಯಿತೆಂದರೆ ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಕೊಯ್ದು ಒಕ್ಕುವ ಮೆಷಿನ್ ಕಂಬೈನಿನ ಮಾತೇ. ಯಾರ ಗದ್ದೆಗೆ ಮೊದಲು ಬರುತ್ತೆ, ಗಂಟೆಗೆ ಎಷ್ಟು ಬಾಡಿಗೆ? ಕಾಫಿ ಹಣ್ಣು ಕೊಯ್ಯುವುದೂ ಅದೇ ಹೊತ್ತಿಗೆ, ಗದ್ದೆಗೆ ಆಳು ಸಿಗುವುದಿಲ್ಲ. ಆದರೆ ನಮ್ಮಂಥ ಮೆಷಿನ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಮಾತು ಹಳೇ ಕಂಬೈನ್‌ಗಳ ಕಡೆಗೆ ಹೋಗುತ್ತದೆ. ಕ್ಯಾಬಿನ್ ಇಲ್ಲ, ಡ್ರೈವರ್ ಧೂಳಿನಲ್ಲೇ ಕೂರಬೇಕು. ಬೆಲ್ಟು, ಪುಲ್ಲಿ, ಚೈನು ಎಲ್ಲಾ ಪಕ್ಕದಲ್ಲೇ ಕಾಣುತ್ತವೆ. ಕೆಲವದರಲ್ಲಿ ಕಾಳು ತುಂಬುವ ಟ್ಯಾಂಕೂ ಇರಲಿಲ್ಲ, ಮೆಷಿನ್ ಮೇಲೆ ಒಬ್ಬ ನಿಂತು ಗೋಣಿಚೀಲಕ್ಕೆ ತುಂಬಬೇಕಿತ್ತು. ನನಗೆ ಅವು ಇಷ್ಟವಾಗುವುದು ಒಂದೇ ಕಾರಣಕ್ಕೆ: ಅವುಗಳೊಳಗೆ ನಮ್ಮ ಕಣ ಕಾಣುತ್ತದೆ.

ಕಣದಲ್ಲಿ ನಾವು ಮಾಡುತ್ತಿದ್ದುದೇನು? ಕಂತೆ ಬಡಿಯುವುದು, ಹುಲ್ಲು ಕೊಡವುವುದು, ಗಾಳಿಗೆ ತೂರುವುದು. ಈ ಮೂರು ಕೆಲಸವನ್ನೂ ಕೊಯ್ಲಿನ ಜೊತೆ ಸೇರಿಸಿದ್ದರಿಂದಲೇ ಅದಕ್ಕೆ ಕಂಬೈನ್ ಅನ್ನುವ ಹೆಸರು.

ಬಡಿಯುವ ಡ್ರಮ್ ಮೊದಲು ಬಂತು. ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ 1786ರ ಸುಮಾರಿಗೆ ಅದನ್ನು ಮಾಡಿದರು. ಅಮೆರಿಕದ ಮಿಶಿಗನ್‌ನಲ್ಲಿ ಹೈರಮ್ ಮೂರ್ ಮತ್ತು ಜಾನ್ ಹ್ಯಾಸ್ಕಲ್ 1836ರಲ್ಲಿ ಕೊಯ್ಲು, ಒಕ್ಕಣೆ ಎರಡನ್ನೂ ಒಂದೇ ಗಾಡಿಗೆ ಸೇರಿಸಿ ಪೇಟೆಂಟ್ ಪಡೆದರು. ಆ ಗಾಡಿಯನ್ನು ಕುದುರೆಗಳ ದೊಡ್ಡ ಹಿಂಡೇ ಎಳೆಯಬೇಕಿತ್ತು. ತಾನೇ ಓಡುವ ಕಂಬೈನ್ ಗದ್ದೆಗಳಲ್ಲಿ ಮಾಮೂಲಾಗಲು ಮತ್ತೆ ನೂರು ವರ್ಷ ಹಿಡಿಯಿತು.

ಡ್ರಮ್‌ನ ಜೋರು ಸುಮ್ನೆ ಅಲ್ಲ. 60 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿರುತ್ತದೆ. ಡ್ರಮ್ಮಿನ ಕೆಳಗೆ ಬಾಗಿದ ಕಬ್ಬಿಣದ ಜಾಲರಿ. ಎರಡರ ನಡುವಿನ ಸಂದಿನಲ್ಲಿ ತೆನೆ ಉಜ್ಜಿ ಕಾಳು ಕಳಚಿಕೊಳ್ಳುತ್ತದೆ. ಸಂದು ಕಿರಿದಾದರೆ ಅಕ್ಕಿ ನುಚ್ಚಾಗುತ್ತದೆ, ಅಗಲವಾದರೆ ತೆನೆಯಲ್ಲೇ ಕಾಳು ಉಳಿಯುತ್ತದೆ. ಹೆಚ್ಚಿನ ಕಾಳು ಇಲ್ಲೇ ಜಾಲರಿಯಿಂದ ಉದುರಿಬಿಡುತ್ತದೆ.

ಉಳಿದ ಕಾಳು ಹುಲ್ಲಿನೊಳಗೆ ಸಿಕ್ಕಿಕೊಂಡಿರುತ್ತಲ್ವಾ? ಹಳೇ ಕಂಬೈನಿನ ಸೊಗಸೆಲ್ಲ ಅದನ್ನು ಬಿಡಿಸುವುದರಲ್ಲಿದೆ. ಡ್ರಮ್ಮಿನ ಹಿಂದೆ ನಾಲ್ಕೈದು ಉದ್ದನೆಯ ತೂತಿನ ಹಲಗೆಗಳು. ಕ್ರ್ಯಾಂಕ್ ಅನ್ನುವ ಡೊಂಕು ದಂಡ ಒಂದೊಂದನ್ನೂ ಬೇರೆ ಬೇರೆ ಹೊತ್ತಿಗೆ ಎತ್ತಿ ಇಳಿಸುತ್ತದೆ. ಹುಲ್ಲು ಮೇಲಕ್ಕೆ ಹಾರುತ್ತದೆ, ಸ್ವಲ್ಪ ಹಿಂದೆ ಬೀಳುತ್ತದೆ, ಮತ್ತೆ ಹಾರುತ್ತದೆ. ಭಾರದ ಕಾಳು ಸಂದುಗಳಲ್ಲಿ ಜಾರಿ ಕೆಳಗೆ ಬೀಳುತ್ತದೆ. ಇಬ್ಬರು ಹೆಂಗಸರು ಕಣದಲ್ಲಿ ಎದುರುಬದುರು ನಿಂತು ಹುಲ್ಲು ಕೊಡವಿದ ಹಾಗೇ. ಕೊನೆಗೆ ಫ್ಯಾನು ಮತ್ತು ಜರಡಿ. ಹೊಟ್ಟು, ಜೊಳ್ಳು ಹಾರಿಹೋಗುವಷ್ಟು ಜೋರು, ಕಾಳು ಹಾರದಷ್ಟು ಮೆಲ್ಲಗೆ ಗಾಳಿ ಬೀಸಬೇಕು. ಮೊರ ಹಿಡಿದ ಅಜ್ಜಿಯ ಕೈಗೆ ಗೊತ್ತಿದ್ದ ಲೆಕ್ಕ ಇದೇ.

ಆದರೆ ಈ ಹಲಗೆಗಳು ಗೋಧಿ ದೇಶದವು. ಗೋಧಿ ಕೊಯ್ಯುವಾಗ ಹುಲ್ಲು ಒಣಗಿ ಗರಿಗರಿ ಇರುತ್ತದೆ. ಭತ್ತದಲ್ಲಿ ಕಾಳು ಬಲಿತರೂ ಹುಲ್ಲು ಇನ್ನೂ ಹಸಿರಾಗಿರುತ್ತದೆ. ಒದ್ದೆ ಹುಲ್ಲು ಚಾಪೆಯಂತೆ ಒತ್ತಾಗಿ ಕೂತರೆ ಕಾಳು ಕೆಳಗೆ ಇಳಿಯುವುದೇ ಇಲ್ಲ, ಹುಲ್ಲಿನ ಜೊತೆ ಗದ್ದೆಗೆ ಹೋಗಿಬಿಡುತ್ತದೆ. ಅದಕ್ಕೇ ಭತ್ತಕ್ಕೆ ಹಲ್ಲುಗಳಿರುವ ಡ್ರಮ್ ಬಂತು. ಡ್ರಮ್ ಸುತ್ತ ಹುಲ್ಲನ್ನು ಸುರುಳಿಯಾಗಿ ಹಲವು ಸಲ ಸುತ್ತಿಸಿ ಕಾಳನ್ನು ಹೊರಕ್ಕೆ ಎಸೆಯುವ ಮೆಷಿನ್‌ಗಳು ಬಂದವು. ಅವುಗಳಲ್ಲಿ ಕೊಡವುವ ಹಲಗೆ ಮಾಯವಾಯಿತು.

ಇನ್ನೊಂದು ತೊಂದರೆ ನಮ್ಮ ಕೆಸರು. ಎರಡು ಗುಡ್ಡದ ನಡುವಿನ ನಮ್ಮ ಗದ್ದೆಗೆ ಒಮ್ಮೆ ಟೈರ್ ಕಂಬೈನ್ ಇಳಿಸಿ ನಾನೇ ಪಾಡುಪಟ್ಟಿದ್ದೇನೆ. ಮುಂದಿನ ಚಕ್ರ ಅಚ್ಚಿನವರೆಗೆ ಹೂತಿತು. ಮೇಲಿನ ಬದುವಿನಿಂದ ಜಿನುಗುವ ನೀರನ್ನು ಕಟ್ಟಿರಲಿಲ್ಲ, ತಪ್ಪು ನನ್ನದೇ. ಚಕ್ರದ ಬದಲು ಅಗಲವಾದ ರಬ್ಬರ್ ಬೆಲ್ಟ್ ಇದ್ದರೆ ಅದೇ ಭಾರ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ, ಮೆಷಿನ್ ಹೂಳುವುದಿಲ್ಲ. ಈಗ ಇಲ್ಲಿ ಬೆಲ್ಟ್ ಮೆಷಿನ್ನಿಗೇ ಬೇಡಿಕೆ.

ಹೊಸ ಮೆಷಿನ್‌ಗಳಲ್ಲಿ ನನ್ನನ್ನು ಕಾಡುವುದು ಹುಲ್ಲು. ಹಲಗೆಯ ಮೇಲೆ ಕುಣಿದು ಬಂದ ಹುಲ್ಲು ಉದ್ದವಾಗಿ, ಕಂತೆ ಕಟ್ಟುವ ಹಾಗೆ ಬೀಳುತ್ತಿತ್ತು. ಡ್ರಮ್ ಸುತ್ತಿ ಬಂದದ್ದು ನುರಿದು ಚೂರಾಗಿರುತ್ತದೆ. ಜಪಾನಿನವರು 1960ರ ದಶಕದಲ್ಲೇ ಇದಕ್ಕೊಂದು ದಾರಿ ಕಂಡುಕೊಂಡರು. ಅವರ ಮೆಷಿನ್ ಪೈರಿನ ಬುಡವನ್ನು ಚೈನಿನಲ್ಲಿ ಬಿಗಿಯಾಗಿ ಹಿಡಿದು ತೆನೆಯನ್ನಷ್ಟೇ ಡ್ರಮ್ಮಿಗೆ ಕೊಡುತ್ತದೆ, ಹುಲ್ಲು ಇಡಿಯಾಗಿ ಹೊರಗೆ ಬರುತ್ತದೆ. ಅಪ್ಪ ಕಂತೆಯ ಬುಡ ಹಿಡಿದು ತೆನೆಯನ್ನಷ್ಟೇ ಹಲಗೆಗೆ ಬಡಿಯುತ್ತಿದ್ದುದೂ ಹೀಗೆಯೇ. ಆ ಹುಲ್ಲನ್ನು ನಮ್ಮ ಹಸುಗಳು ಮುಂದಿನ ಮಳೆಗಾಲದವರೆಗೆ ತಿನ್ನುತ್ತಿದ್ದವು.